ಒರೆಸುವ ಬಟ್ಟೆ ಕಲಿಸಿದ ಪಾಠ

ಸೊಲ್ಲಾಪುರದ ಸೀಮೆಯವರಾದ ನಮಗೆ ಟವೆಲ್ಲಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲವೆಂಬ ಹೆಮ್ಮೆಯಿತ್ತು. ಅಲ್ಲಿಯ ಚಾದರಕ್ಕೂ ಟೆರ್ರಿ ಟವೆಲ್ಲಿಗೂ ಭೌಗೋಳಿಕ ಸೂಚಕದ ಮನ್ನಣೆಯೇ ಇದೆಯಲ್ಲ! ಹಂಡೆಯ ಬಿಸಿನೀರು, ಸೋಡಾ, ಒಗೆಯುವ ಕಲ್ಲು, ಸುಡುಬಿಸಿಲು, ಈ ನಾಲ್ಕಿದ್ದರೆ ಎಂಥ ಟವೆಲ್ಲಾದರೂ ಶುಭ್ರವಾಗುವುದೆಂದು ನಂಬಿದ್ದೆವು. ಆ ನಂಬಿಕೆಯ ಭರದಲ್ಲಿ ನಿರಪರಾಧಿಯೊಬ್ಬನನ್ನು ನೋಯಿಸಿದೆವು. ಅದನ್ನು ವಾಚಕರ ಮುಂದೆ ಹೇಳಿಕೊಳ್ಳುವುದು ಉಚಿತವೆಂದು ತೋರಿತು.

ಎರಡು ವರ್ಷಗಳ ಹಿಂದೆ ನಾವು ಕಪ್ಪು ಬಣ್ಣದ ಹಳೆಯ ಕಾರೊಂದನ್ನು ಕೊಂಡೆವು. ನಮ್ಮ ಶಾಲೆಯಲ್ಲಿಯೇ ಕಲಿತು, ಈಗ ಸೊಲ್ಲಾಪುರದಲ್ಲಿ ಕಾರುಗಳನ್ನು ತೊಳೆದು ಹೊಳಪು ಕೊಡುವ ಕೆಲಸದಲ್ಲಿರುವ ತರುಣನು ಅದಕ್ಕೆ ಪಾಲಿಶ್ ಮಾಡಿ ಕನ್ನಡಿಯಂತೆ ಮಾಡಿಕೊಟ್ಟನು. ಒರೆಸಲೆಂದು ನಾಲ್ಕು ಮೈಕ್ರೋಫೈಬರ್ ಬಟ್ಟೆಗಳನ್ನೂ ಕೊಟ್ಟನು. ಮೂರು ತಿಂಗಳು ಕಳೆಯುವಷ್ಟರಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನ ಮೇಲೆ ಜೇಡರ ಬಲೆಯಂಥ ಸೂಕ್ಷ್ಮ ಗೀರುಗಳು ಕಂಡವು. ಊರಿಗೆ ಬಂದಿದ್ದ ಅವನನ್ನು ಬಸ್ ನಿಲ್ದಾಣದಲ್ಲಿ ನಾಲ್ಕು ಜನರೆದುರು, ಕಳಪೆ ಕೆಲಸ ಮಾಡಿ ಹಣ ಪಡೆದೆಯೆಂದು ಗದರಿಸಿದೆವು.

ಅವನು ಎದುರಾಡಲಿಲ್ಲ. ಸಂಜೆ ಮನೆಗೆ ಬಂದು, "ಸರ್, ಆ ಅರಿವಿ ಒಮ್ಮೆ ತೋರಸ್ತೀರೇನ್ರಿ?" ಎಂದು ಕೇಳಿದನು. ಅವು ಹಿತ್ತಲಿನ ಹಗ್ಗದ ಮೇಲೆ, ಹತ್ತಿಯ ಟವೆಲ್ಲುಗಳ ನಡುವೆ ಒಣಗಿ ಹಪ್ಪಳದಂತಾಗಿದ್ದವು. ಒಂದನ್ನು ಬೆಳಕಿಗೆ ಹಿಡಿದನು. ಮೈತುಂಬ ಹತ್ತಿಯ ನವಿರು, ಅದರೊಳಗೆ ಮರಳಿನ ಕಣಗಳು. "ನೆಲಕ್ಕ ಬಿದ್ದದ್ದು ಝಾಡಿಸಿ, ಮತ್ತ ಅದರಲೇ ಒರಸೀರಿ ಅನಸ್ತದ್ರಿ" ಎಂದನು. ಮಾತು ನಿಜವಾಗಿತ್ತು.

ಅಂದು ಅವನು ಶಿಕ್ಷಕ, ನಾವು ವಿದ್ಯಾರ್ಥಿ. ಈ ಬಟ್ಟೆ ಹತ್ತಿಯದಲ್ಲ. ಸಾಮಾನ್ಯವಾಗಿ ಅದರಲ್ಲಿ ನೂರಕ್ಕೆ 80 ಪಾಲು ಪಾಲಿಯೆಸ್ಟರ್, 20 ಪಾಲು ನೈಲಾನ್ ಜಾತಿಯ ಎಳೆ. 9,000 ಮೀಟರ್ ಉದ್ದದ ಎಳೆ ಒಂದು ಗ್ರಾಮಿಗಿಂತಲೂ ಕಡಿಮೆ ತೂಗುವಷ್ಟು ಅದು ನವಿರು. ಎಳೆಗಳನ್ನು ಇನ್ನಷ್ಟು ಸೀಳಿರುವುದರಿಂದ ನಡುವಣ ಸಂದುಗಳು ನೀರನ್ನೂ ಧೂಳನ್ನೂ ಹಿಡಿದುಕೊಳ್ಳುತ್ತವೆ. ಹಿಡಿಯುವುದೇ ಅದರ ಗುಣ, ಅದೇ ಅದರ ದೋಷ. ಮರಳು ಸಿಕ್ಕರೆ ಅದನ್ನೂ ಬಿಡದು. ಮುಂದೆ ಕಾರಿನ ಮೈಯನ್ನು ಗೀರುತ್ತದೆ.

ಆದುದರಿಂದ ಅದನ್ನು ಹತ್ತಿಯ ಬಟ್ಟೆಗಳೊಡನೆ ಒಗೆಯಬಾರದು, ನವಿರು ಅಂಟುತ್ತದೆ. ಉಗುರುಬೆಚ್ಚಗಿನ ನೀರು, ತುಸುವೇ ದ್ರವ ಸಾಬೂನು ಸಾಕು. ಸಾಬೂನು ಉಳಿಯದಂತೆ ಜಾಲಿಸಬೇಕು. ಬಟ್ಟೆ ಮೆದುವಾಗಲೆಂದು ಹಾಕುವ ಸುಗಂಧದ ದ್ರವವು ಎಳೆಗಳಿಗೆ ಲೇಪದಂತೆ ಕೂತು, ನೀರು ಹೀರುವ ಶಕ್ತಿಯನ್ನು ಕುಗ್ಗಿಸುತ್ತದೆ. ಬ್ಲೀಚಿಂಗ್ ಪುಡಿಯು ನೈಲಾನಿಗೆ ಶತ್ರು. ಕುದಿಯುವ ನೀರು, ಇಸ್ತ್ರಿ ಎರಡೂ ಸಲ್ಲವು. ನೆರಳಲ್ಲಿ ಒಣಗಿಸಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಗಾಲಿಗೆ ಬಳಸಿದ್ದು ಬಾನೆಟ್ಟಿಗೆ ಬರಕೂಡದು. ನೆಲಕ್ಕೆ ಬಿದ್ದುದನ್ನು ಒಗೆಯದೆ ಮುಟ್ಟಿಸಕೂಡದು. ಎರಡು ಸಲ ಮಡಿಚಿದರೆ ಒಂದೇ ಬಟ್ಟೆಗೆ ಎಂಟು ಮೈ ದೊರೆಯುತ್ತವೆ. ಒಂದು ಮಲಿನವಾದರೆ ಮತ್ತೊಂದನ್ನು ತಿರುಗಿಸಿಕೊಳ್ಳಬಹುದು. ಇಷ್ಟು ವರ್ಷ ಗಣಿತ ಕಲಿಸಿದ ನಮಗೆ ಈ ಲೆಕ್ಕ ಹೊಳೆದಿರಲಿಲ್ಲ!

ಮತ್ತೆ ಪಾಲಿಶ್ ಮಾಡಿಕೊಡುವೆಯಾ ಎಂದು ಸಂಕೋಚದಿಂದಲೇ ಕೇಳಿದೆವು. ಪಾಲಿಶ್ ಎಂದರೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನೇ ತುಸು ಸವೆಸುವುದಂತೆ. ಮೇಲಿಂದ ಮೇಲೆ ಸವೆಸಿದರೆ ಪದರವೇ ಉಳಿಯದು. "ಗೀರು ಬೀಳಧಂಗ ನೋಡ್ಕೊಳ್ಳೋದ ಛಲೋರಿ, ಸರ್" ಎಂದನು.

ಆ ಮಾತು ಕಾರಿಗಷ್ಟೇ ಸಂಬಂಧಿಸಿದ್ದೆಂದು ನಮಗೆ ಅನ್ನಿಸಲಿಲ್ಲ. ಹುಡುಗರಿಗೆ ತಪ್ಪೊಪ್ಪಿಕೊಳ್ಳುವುದನ್ನು ಕಲಿಸುತ್ತ ಬಂದವರು ನಾವು. ಮರುದಿನ ಅದೇ ಬಸ್ ನಿಲ್ದಾಣಕ್ಕೆ ಅವನನ್ನು ಕಳಿಸಲು ಹೋಗಿ, ಅಲ್ಲಿದ್ದವರೆಲ್ಲ ಕೇಳುವಂತೆ, ತಪ್ಪು ನಮ್ಮದೆಂದು ಹೇಳಿದೆವು. ಅವನು ತಲೆ ತಗ್ಗಿಸಿ, "ಇರ್ಲಿ ಬಿಡ್ರಿ ಸರ್" ಎಂದು ಬಸ್ಸು ಹತ್ತಿದನು.

ಈಗ ಆ ಬಟ್ಟೆಗಳಿಗೆ ನಮ್ಮ ಮನೆಯಲ್ಲಿ ಬೇರೆಯೇ ಬಕೆಟ್ಟು, ಬೇರೆಯೇ ಹಗ್ಗ. ಕಾರಿನ ಗೀರುಗಳು ಹಾಗೆಯೇ ಇವೆ. ಅಳಿಸಲು ನಾವು ಮತ್ತೆ ಹೇಳಲಿಲ್ಲ.