ಅಜ್ಜಿ ಬೇಯಿಸಿದ ಕೋಳಿ

ತಿರುವನಂತಪುರದ ತಂಬಾನೂರಿನಲ್ಲಿ, ಬಸ್ ನಿಲ್ದಾಣದ ಮಗ್ಗುಲಿಗೆ, ಇಟ್ಟಿಗೆಯ ಗೋಪುರದ ಹಾಗೆ ಸುತ್ತಿ ಸುತ್ತಿ ಮೇಲೇರುವ ಒಂದು ಇಂಡಿಯನ್ ಕಾಫಿ ಹೌಸ್ ಉಂಟು. ವಾಸ್ತುಶಿಲ್ಪಿ ಲಾರಿ ಬೇಕರ್ ರೂಪಿಸಿದ್ದು. ಒಳಗೆ ಮಟ್ಟಸವಾದ ನೆಲವೇ ಇಲ್ಲ. ಏರುತ್ತ ಹೋಗುವ ದಾರಿಯ ಅಂಚಿಗೆ ಮೇಜು, ಬೆಂಚು. 2013ರ ಡಿಸೆಂಬರಿನಲ್ಲಿ, ಕೇರಳದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಮೊದಲ ಸಲ ಹೋದ ನಾನು ಅಲ್ಲಿ ಬೀಟ್‌ರೂಟ್ ತುಂಬಿದ ಮಸಾಲೆ ದೋಸೆ ತಿನ್ನುತ್ತ ಕೂತಿದ್ದೆ. ಎದುರಿಗೆ ಕಣ್ಣೂರು ಕಡೆಯ ನಿವೃತ್ತ ಮೇಷ್ಟರೊಬ್ಬರು, ಅಲ್ಲಿಯವರ ಬಾಯಲ್ಲಿ ಮಾಷ್. ಕೊರಳಲ್ಲಿ ಡೆಲಿಗೇಟ್ ಪಾಸು, ಹೆಗಲಲ್ಲಿ ಉತ್ಸವದ ಬಟ್ಟೆಚೀಲ. ಹೆಸರು ಕೇಳುವ ಮೊದಲೇ ಕೇಳಿದರು: "ಕಿಮ್ ಬಂದಿದ್ದಾರೆ, ಗೊತ್ತುಂಟಲ್ಲ?"

ಹತ್ತಿರದ ನೆಂಟರು ಮದುವೆಗೆ ಬಂದಿಳಿದಿದ್ದಾರೆ ಎನ್ನುವಂಥ ದನಿ. ಕಿಮ್ ಎಂದರೆ ಕೊರಿಯದ ನಿರ್ದೇಶಕ ಕಿಮ್ ಕಿ-ಡುಕ್. ಹಿಂದಿನ ವರ್ಷವಷ್ಟೇ 'ಪಿಯೆಟಾ' ಚಿತ್ರಕ್ಕೆ ವೆನಿಸ್ಸಿನಲ್ಲಿ ಗೋಲ್ಡನ್ ಲಯನ್ ಗೆದ್ದಿದ್ದರು. ತಮ್ಮ ದೇಶದಲ್ಲಿ ಅವರ ಚಿತ್ರಗಳಿಗೆ ಟಾಕೀಸು ತುಂಬುತ್ತಿದ್ದುದು ಕಡಿಮೆ. ಇಲ್ಲಿ ಅವರು ಕಾಲಿಟ್ಟಲ್ಲೆಲ್ಲ ಜನ. ನಾನು ಅವರ ಒಂದು ಚಿತ್ರವನ್ನೂ ನೋಡಿಲ್ಲವೆಂದಾಗ ಮಾಷ್‌ಗೆ ಬೇಸರವಾಗಲಿಲ್ಲ. ಊರು ಯಾವುದು, ಮನೆಯಲ್ಲಿ ಯಾರ್ಯಾರು, ಏನು ಕೆಲಸ ಎಂದು ಒಂದೊಂದಾಗಿ ವಿಚಾರಿಸಿದರು. ಕುಂಬಳೆ, ತಾಯಿ ಇದ್ದಾರೆ, ಕೆಲಸ ಕೊಚ್ಚಿಯಲ್ಲಿ ಎಂದೆ. ಸ್ವಲ್ಪ ಯೋಚಿಸಿ ಹೇಳಿದರು: "ಈ ಸಲ ಬಂದಿರುವ 'ಮೋಬಿಯಸ್' ನಿಮಗೆ ಈಗ ಬೇಡ. ನೀರಿನ ನಡುವೆ ದೇವಸ್ಥಾನ ಇರುವ ಚಿತ್ರದಿಂದ ಶುರು ಮಾಡಿ."

ವೈದ್ಯರು ನಾಡಿ ಹಿಡಿದು ಮದ್ದು ಹೇಳಿದ ಹಾಗಿತ್ತು. ಅವರ ಮಾತನ್ನು ನಡೆಸಿದೆ. 2003ರ 'ಸ್ಪ್ರಿಂಗ್, ಸಮ್ಮರ್, ಫಾಲ್, ವಿಂಟರ್... ಆ್ಯಂಡ್ ಸ್ಪ್ರಿಂಗ್' ನಾನು ಕಂಡ ಮೊದಲ ಕೊರಿಯನ್ ಚಿತ್ರ. ಜುಸಾನ್‌ಜಿ ಎಂಬ ಕೆರೆಯ ಮೇಲೆ ತೇಲುವ ಪುಟ್ಟ ಬೌದ್ಧ ಮಂದಿರ. ಅದರಲ್ಲಿ ಒಬ್ಬ ಮುದಿ ಗುರು, ಒಬ್ಬ ಹುಡುಗ. ಹುಡುಗ ಆಟಕ್ಕೆಂದು ಮೀನಿಗೆ, ಕಪ್ಪೆಗೆ, ಹಾವಿಗೆ ಕಲ್ಲು ಕಟ್ಟಿ ಬಿಡುತ್ತಾನೆ. ಗುರು ಬೈಯುವುದಿಲ್ಲ. ರಾತ್ರಿ ಮಲಗಿದವನ ಬೆನ್ನಿಗೇ ಒಂದು ಕಲ್ಲು ಕಟ್ಟುತ್ತಾರೆ. ಮಾಡಿದ್ದುಣ್ಣೋ ಮಹಾರಾಯ ಎಂಬುದನ್ನು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವನು ನಾನು. ಆ ಕಲ್ಲಿನ ಭಾರ ನನ್ನ ಬೆನ್ನಿಗೆ ಬಂದದ್ದು ಅವತ್ತು. ಕೊನೆಯಲ್ಲಿ ನಡುವಯಸ್ಸಿನ ಸನ್ಯಾಸಿಯೊಬ್ಬ ಬೀಸುಕಲ್ಲನ್ನು ಸೊಂಟಕ್ಕೆ ಕಟ್ಟಿಕೊಂಡು ಹಿಮದ ಗುಡ್ಡ ಹತ್ತುತ್ತಾನೆ. ಆ ಪಾತ್ರ ಮಾಡಿದ್ದು ಕಿಮ್ ಅವರೇ.

ಕೇರಳಕ್ಕೆ ಇವರು ಇಷ್ಟು ಹತ್ತಿರವಾದದ್ದು ಹೇಗೆ? ನಿರ್ದೇಶಕ ಅಡೂರು ಗೋಪಾಲಕೃಷ್ಣನ್ ಮತ್ತು ಗೆಳೆಯರು 1965ರಲ್ಲೇ ಚಿತ್ರಲೇಖಾ ಫಿಲಂ ಸೊಸೈಟಿ ಕಟ್ಟಿದ ನಾಡು ಇದು. ಉಪಶೀರ್ಷಿಕೆ ಓದುತ್ತ ಸಿನಿಮಾ ನೋಡುವ ಅಭ್ಯಾಸಕ್ಕೆ ಇಲ್ಲಿ ಎರಡು ತಲೆಮಾರಿನ ವಯಸ್ಸಾಗಿದೆ. ಆದರೆ ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ಕಿಮ್ ಚಿತ್ರಗಳಲ್ಲಿ ಮಾತೇ ಕಡಿಮೆ. 'ತ್ರೀ ಐರನ್' ಚಿತ್ರದ ನಾಯಕ ಉದ್ದಕ್ಕೂ ಒಂದು ಮಾತೂ ಆಡುವುದಿಲ್ಲ. ಮಾತಿಲ್ಲದ ಕಡೆ ಪರಭಾಷೆಯೆಂಬುದೂ ಇಲ್ಲ.

ಮಾತಿರುವ ಚಿತ್ರಗಳ ವಿಷಯ ಬೇರೆ. ಕುಂಬಳೆ ಇರುವ ಕಾಸರಗೋಡಿನ ಕಡೆಯ ನಮ್ಮಂಥವರಿಗೆ ಮನೆಯಲ್ಲಿ ಕನ್ನಡ, ನೆರೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ. ಹೀಗಾಗಿ ಮಲಯಾಳದ ಉಪಶೀರ್ಷಿಕೆ ನನಗೆ ಓದಲು ಬರುತ್ತದೆ. ಎಂಸೋನ್ ಎಂಬ ಕೂಟದ ಸ್ವಯಂಸೇವಕರು ಸಾವಿರಾರು ಪರಭಾಷಾ ಚಿತ್ರಗಳಿಗೆ ಮಲಯಾಳದಲ್ಲಿ ಉಪಶೀರ್ಷಿಕೆ ಬರೆದಿದ್ದಾರೆ, ಕೊರಿಯನ್ ಚಿತ್ರಗಳಿಗೂ. ಇಂಗ್ಲಿಷಿನಲ್ಲಿ ಓದುತ್ತ ನೋಡಿದ ಒಂದು ಚಿತ್ರವನ್ನು ಮಲಯಾಳದಲ್ಲಿ ಓದುತ್ತ ಮತ್ತೆ ನೋಡಿದಾಗ ಬೇರೆಯೇ ಚಿತ್ರದ ಹಾಗೆ ಕಂಡಿತು. ಕೊರಿಯನ್ನರು ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅಣ್ಣ, ಅಕ್ಕ ಎನ್ನುತ್ತಾರೆ. ಇಂಗ್ಲಿಷ್ ಅದನ್ನು ಅಳಿಸಿ ಹೆಸರು ಹಾಕುತ್ತದೆ. ಮಲಯಾಳದಲ್ಲಿ ಅದು ಚೇಟ್ಟ, ಚೇಚಿ ಎಂದು ಉಳಿದುಕೊಂಡಿತ್ತು. ಗೌರವದ ಮಾತಿನಿಂದ ಏಕವಚನಕ್ಕೆ ಇಳಿದ ಗಳಿಗೆಯಲ್ಲಿ ಜಗಳ ಶುರುವಾಯಿತೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಕೊರಿಯನ್ನಿನಲ್ಲಿ ಕ್ರಿಯಾಪದ ಬರುವುದೂ ನಮ್ಮ ಹಾಗೆ ವಾಕ್ಯದ ಕೊನೆಗೇ. "ನಾನು ಅವನನ್ನು..." ಎಂದು ನಟ ತಡೆದರೆ ನಮ್ಮ ಉಸಿರೂ ಅಲ್ಲೇ ತಡೆಯುತ್ತದೆ, ಇಂಗ್ಲಿಷ್ ಸಾಲು ಅಷ್ಟರಲ್ಲಿ ಎಲ್ಲವನ್ನೂ ಹೇಳಿ ಮುಗಿಸಿರುತ್ತದೆ. ಇಷ್ಟು ಹತ್ತಿರದ ನುಡಿಗುಣವಿರುವ ಚಿತ್ರಗಳನ್ನು ಕನ್ನಡದ ಅಕ್ಷರದಲ್ಲಿ ಓದುತ್ತ ನೋಡುವ ದಿನ ಬರಬೇಕು. ಇದು ನನ್ನ ದೊಡ್ಡ ಆಸೆ.

ನೋಡುತ್ತ ಹೋದ ಹಾಗೆ ಕೇಳುವವರೂ ಹೆಚ್ಚಿದರು. "ಒಂದು ಒಳ್ಳೆಯ ಕೊರಿಯನ್ ಪಿಕ್ಚರ್ ಹೇಳು." ಮಾಷ್ ಕಲಿಸಿದ್ದನ್ನು ಮರೆತು, ನನಗೆ ಹಿಡಿಸಿದ್ದನ್ನೆಲ್ಲ ಎಲ್ಲರಿಗೂ ಹೇಳತೊಡಗಿದೆ. 2020ರ ಫೆಬ್ರವರಿಯಲ್ಲಿ ಬಾಂಗ್ ಜೂನ್-ಹೋ ಅವರ 'ಪ್ಯಾರಸೈಟ್' ನಾಲ್ಕು ಆಸ್ಕರ್ ಗೆದ್ದಾಗ, ಆಲುವದಲ್ಲಿ ನನ್ನ ಬಾಡಿಗೆ ಮನೆಯ ಪಕ್ಕದ ಚೇಚಿಯನ್ನು ನಾನೇ ಒತ್ತಾಯಿಸಿ ಕರೆದುಕೊಂಡು ಹೋದೆ. ಮೊದಲರ್ಧ ಚೆನ್ನಾಗಿ ನಕ್ಕರು. ಆಮೇಲೆ ಆ ಮಳೆ. ಬಡವರ ಅರ್ಧ ನೆಲಮಾಳಿಗೆಯ ಮನೆಗೆ ಚರಂಡಿ ನೀರು ನುಗ್ಗುತ್ತದೆ. ಕುತ್ತಿಗೆಮಟ್ಟದ ನೀರಿನಲ್ಲಿ ಅಪ್ಪ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾನೆ. ಚೇಚಿ ಎದ್ದು ಹೊರಗೆ ಹೋದರು. 2018ರ ಆಗಸ್ಟಿನಲ್ಲಿ ಪೆರಿಯಾರ್ ನದಿ ಉಕ್ಕಿ ಆಲುವ ಮುಳುಗಿದಾಗ, ನೆಡುಂಬಾಶ್ಶೇರಿ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿದಾಗ, ಅವರ ಮನೆಯಲ್ಲೂ ಎದೆಮಟ್ಟ ನೀರಿತ್ತು. ಮದುವೆಯ ಆಲ್ಬಂ, ಮಕ್ಕಳ ಸರ್ಟಿಫಿಕೇಟು, ಯಾವುದೂ ಉಳಿಯಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವರ ಪಕ್ಕ ಕೂತೆ. ಮರುದಿನ ಬೆಳಿಗ್ಗೆ ಶ್ರೀಮಂತರ ಮನೆಯ ಹೆಂಗಸು, ಮಳೆ ಬಂದದ್ದು ಒಳ್ಳೆಯದೇ ಆಯಿತು, ಆಕಾಶ ತಿಳಿಯಾಯಿತು ಎಂದು ಫೋನಿನಲ್ಲಿ ಹೇಳುವ ದೃಶ್ಯ ಆಗ ಒಳಗೆ ಓಡುತ್ತಿದ್ದಿರಬೇಕು. ಚೇಚಿ ಸ್ವಲ್ಪ ಹೊತ್ತಿನ ಮೇಲೆ, "ಆ ವಾಸನೆ ಬಂದಂತಾಯಿತು" ಎಂದರು. ನಾನು ಕ್ಷಮೆ ಕೇಳಿದೆ. ಆ ಚಿತ್ರವನ್ನು ನನಗಿಂತ ಸರಿಯಾಗಿ ನೋಡಿದವರು ಅವರೇ ಎಂದು ಇವತ್ತಿಗೂ ನಂಬಿದ್ದೇನೆ.

ಅಲ್ಲಿಂದೀಚೆಗೆ ಹೇಳುವ ಮುನ್ನ ತಡೆಯುತ್ತೇನೆ. ಕಿಮ್ ವಿಷಯದಲ್ಲೂ ಹಾಗೆಯೇ. 2018ರಲ್ಲಿ ನಟಿಯರು ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿದರು, ಅವರು ಅಲ್ಲಗಳೆದರು, 2020ರ ಡಿಸೆಂಬರಿನಲ್ಲಿ ಲಾಟ್ವಿಯಾದಲ್ಲಿ ಕೋವಿಡ್‌ನಿಂದ ತೀರಿಕೊಂಡರು. ನನಗೆ ಬಾಗಿಲು ತೆರೆದ ಚಿತ್ರವನ್ನು ನಾನು ಮರೆಯಲಾರೆ. ಆದರೆ ಯಾರಿಗೇ ಆಗಲಿ ಆ ಚಿತ್ರದ ಹೆಸರು ಹೇಳುವಾಗ ಈ ಸಂಗತಿಯನ್ನೂ ಮೊದಲೇ ಹೇಳಿಬಿಡುತ್ತೇನೆ. ನೋಡುವುದು ಬಿಡುವುದು ಅವರಿಗೆ ಸೇರಿದ್ದು.

2021ರಲ್ಲಿ ಕೋವಿಡ್ ಕಾರಣ ಉತ್ಸವವನ್ನು ನಾಲ್ಕು ಊರುಗಳಿಗೆ ಹಂಚಿದರು. ಫೆಬ್ರವರಿಯಲ್ಲಿ ಕೊಚ್ಚಿಯ ಸರದಿ. ಸರಿತಾ, ಸವಿತಾ, ಸಂಗೀತಾ ಟಾಕೀಸುಗಳ ಮುಂದೆ ಮಾಸ್ಕ್ ಹಾಕಿಕೊಂಡು ಸಾಲು ನಿಂತೆವು. ಆ ಸಲ ಲೀ ಚಾಂಗ್-ಡಾಂಗ್ ಅವರ ಚಿತ್ರಗಳಿಗೆ ವಿಶೇಷ ಸ್ಥಾನವಿತ್ತು. ಕಾದಂಬರಿಕಾರ, ಮೇಷ್ಟರು, ಒಂದಷ್ಟು ಕಾಲ ಸಂಸ್ಕೃತಿ ಸಚಿವರೂ ಆಗಿದ್ದವರು. ಅವರ 'ಪೊಯಟ್ರಿ'ಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಕವಿತೆ ಬರೆಯಲು ಕಲಿಯಹೊರಡುತ್ತಾರೆ, ಅದೇ ಹೊತ್ತಿಗೆ ಅವರಿಂದ ಒಂದೊಂದೇ ಪದ ಜಾರಿಹೋಗತೊಡಗುತ್ತದೆ. ಮರೆವಿನ ಕಾಯಿಲೆ. ಪಾತ್ರ ಮಾಡಿದ ಯುನ್ ಜಿಯಾಂಗ್-ಹೀ ಅವರಿಗೇ ಆ ಕಾಯಿಲೆ ತಗುಲಿದ ಸುದ್ದಿ 2019ರಲ್ಲಿ ಹೊರಬಿದ್ದಿತ್ತು. ನನ್ನ ಆಪ್ತ ಸಹೋದ್ಯೋಗಿಯ ತಂದೆಗೂ ಈಗ ಮಗನ ಹೆಸರು ನೆನಪಿಗೆ ಬರುವುದಿಲ್ಲ. ನಾನು ಅತಿ ಹೆಚ್ಚು ಪ್ರೀತಿಸುವ ಕೊರಿಯನ್ ಚಿತ್ರ ಅದು. ಅವನಿಗೆ ಇನ್ನೂ ಹೇಳಿಲ್ಲ.

ಅಮ್ಮನಿಗೆ ಮಾತ್ರ ಯಾವುದೆಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ಕಳೆದ ಓಣಂ ರಜೆಗೆ ಕುಂಬಳೆಗೆ ಹೋದಾಗ ಲೀ ಜಿಯಾಂಗ್-ಹ್ಯಾಂಗ್ ಎಂಬ ನಿರ್ದೇಶಕಿಯ 2002ರ 'ದಿ ವೇ ಹೋಮ್' ಹಾಕಿದೆ. ಪೇಟೆಯಲ್ಲಿ ಬೆಳೆದ ಹುಡುಗನನ್ನು ತಾಯಿ ಹಳ್ಳಿಯ ಅಜ್ಜಿಯ ಬಳಿ ಬಿಟ್ಟುಹೋಗುತ್ತಾಳೆ. ಅಜ್ಜಿಗೆ ಮಾತು ಬಾರದು, ಬೆನ್ನು ಬಾಗಿದೆ. ಆ ಪಾತ್ರ ಮಾಡಿದ ಕಿಮ್ ಉಲ್-ಬೂನ್ ನಟಿಯಲ್ಲ, ಹಳ್ಳಿಯ ಹೆಂಗಸು. ಅದಕ್ಕೆ ಮೊದಲು ಒಂದು ಸಿನಿಮಾವನ್ನೂ ನೋಡಿದವರಲ್ಲ. ಹುಡುಗ ಕೆಂಟಕಿ ಚಿಕನ್ ಬೇಕೆಂದು ಹಟ ಹಿಡಿದಾಗ ಅಜ್ಜಿ ಮಳೆಯಲ್ಲಿ ನೆನೆದುಕೊಂಡು ಕೋಳಿ ತಂದು, ತನಗೆ ಗೊತ್ತಿದ್ದ ಹಾಗೆ ನೀರಿನಲ್ಲಿ ಬೇಯಿಸಿ ಮುಂದಿಡುತ್ತಾಳೆ. ಹುಡುಗ ರಂಪ ಮಾಡುತ್ತಾನೆ.

"ಪಾಪ, ಹುರಿಯುವುದು ಅಂತ ಅವಳಿಗೆ ಯಾರು ಹೇಳಬೇಕು" ಎಂದರು ಅಮ್ಮ. ಉಪಶೀರ್ಷಿಕೆಯ ಕಡೆ ಅವರು ಕಣ್ಣು ಹಾಯಿಸಿದ್ದೇ ಇಲ್ಲ.

ಊರಿಗೆ ಮರಳುವ ಹಿಂದಿನ ರಾತ್ರಿ ಹುಡುಗ, ಕಣ್ಣು ಮಂಜಾದ ಅಜ್ಜಿಗೆಂದು, ಮನೆಯಲ್ಲಿದ್ದ ಸೂಜಿಗಳಿಗೆಲ್ಲ ನೂಲು ಪೋಣಿಸಿಡುತ್ತಾನೆ. ಚಿತ್ರ ಮುಗಿದ ಮೇಲೆ ಅಮ್ಮ ಕೇಳಿದರು: "ಆ ಅಜ್ಜಿ ಈಗ ಉಂಟಾ?"

"ಇಲ್ಲ ಅಮ್ಮ. 2021ರಲ್ಲಿ ಹೋದರು. ತೊಂಬತ್ತೈದು ವರ್ಷ."

ಮರುದಿನ ಸಂಜೆ ಮಲಬಾರ್ ಎಕ್ಸ್‌ಪ್ರೆಸ್ಸಿಗೆ ಚೀಲ ಕಟ್ಟುತ್ತಿದ್ದೆ. ಅಮ್ಮ ಒಳಗಿನಿಂದ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ತಂದು ಎದುರಿಗಿಟ್ಟರು. ಅದರೊಳಗೆ ಏಳೆಂಟು ಸೂಜಿ, ಒಂದು ಬಿಳಿ ನೂಲಿನುಂಡೆ, ಒಂದು ಕರಿ ನೂಲಿನುಂಡೆ.

"ರೈಲಿಗೆ ಇನ್ನೂ ಹೊತ್ತುಂಟಲ್ಲ" ಎಂದರು.