ರೈಲಿನ ಮೇಲೆ ಹೊರಿಸಿದ ತಪ್ಪು

ಬಳ್ಳಾರಿಯಲ್ಲಿ ರೈಲು ಹಳಿಯ ಮಗ್ಗುಲಿಗೇ ಒಂದು ಮೂರಂತಸ್ತಿನ ಕಟ್ಟಡ. ಕೆಳಗೆ ನನ್ನ ಭಾವಮೈದುನನ ಜೀನ್ಸ್ ಅಂಗಡಿ, ನಡುವೆ ಹೊಲಿಗೆ ಯಂತ್ರಗಳು, ಮೇಲೆ ಮಕ್ಕಳ ಕಂಪ್ಯೂಟರ್ ತರಗತಿ. ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಅಲ್ಲಿನ ದೀಪಗಳು ಮಿಣುಕತೊಡಗಿದವು. ಮನೆತನದಲ್ಲಿ ಬಿಎಸ್ಸಿ, ಬಿಎಡ್ ಓದಿದವನೊಬ್ಬನಿದ್ದರೆ ಇಂಥ ಪ್ರಶ್ನೆಗಳೆಲ್ಲ ಅವನ ಪಾಲಿಗೇ ಬರುತ್ತವೆ. ಒಂದು ಭಾನುವಾರ ಸಂಜೆ ನನಗೆ ಕರೆ ಬಂತು.

ಅಂಗಡಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಾಗಲೇ ಉದ್ದನೆಯ ಗೂಡ್ಸ್ ಗಾಡಿಯೊಂದು ಬಂತು. ದೀಪಗಳು ಪಕಪಕ ಎಂದವು. ಗಾಡಿ ದಾಟಿತು, ದೀಪಗಳು ಸುಮ್ಮನಾದವು. ಇನ್ನೇನು ಸಾಕ್ಷಿ ಬೇಕು? "ಇದು ಎಲೆಕ್ಟ್ರಿಕ್ ಎಂಜಿನ್ ಕೆಲಸಾನೇ" ಎಂದು ಮೇಷ್ಟ್ರ ಗತ್ತಿನಲ್ಲಿ ತೀರ್ಪು ಕೊಟ್ಟುಬಿಟ್ಟೆ. ಭಾವಮೈದುನ ಮರುದಿನವೇ ಒಂದು ಸ್ಟೆಬಿಲೈಸರ್ ಕೊಂಡ. ರೈಲ್ವೆಯವರಿಗೆ ಅರ್ಜಿ ಬರೆಯಲೂ ಕುಳಿತ.

ನನ್ನ ಊಹೆ ತೀರ ಹುಚ್ಚಲ್ಲ. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. (ಬೆಂಗಳೂರಿನ ಮೆಟ್ರೊದ ರೀತಿ ಬೇರೆ, ಅಲ್ಲಿ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟ್ ಡಿ.ಸಿ.) ರೈಲ್ವೆ ಉಪಕೇಂದ್ರವು ಮೂರು ಫೇಸ್‌ಗಳ ದೊಡ್ಡ ಲೈನಿನಲ್ಲಿ ಎರಡರಿಂದ ಮಾತ್ರ ವಿದ್ಯುತ್ತನ್ನು ಸೆಳೆಯುತ್ತದೆ. ಭಾರದ ಗಾಡಿ ಹೊರಟಾಗ ಅಷ್ಟರಮಟ್ಟಿಗೆ ಸಮತೋಲ ತಪ್ಪುತ್ತದೆ. ಹಾಗಾಗಬಾರದೆಂದೇ ಆ ಸಂಪರ್ಕವನ್ನು ಅತಿ ಹೆಚ್ಚು ವೋಲ್ಟೇಜಿನ ಲೈನಿಗೆ ಕೊಡುತ್ತಾರೆ. ಕೆರೆಯಿಂದ ಒಂದು ಟ್ಯಾಂಕರ್ ನೀರು ಎತ್ತಿದರೆ ಮಟ್ಟ ಎಷ್ಟು ಇಳಿದೀತು? ಒಂದು ವೇಳೆ ಇಳಿದರೂ ಇಡೀ ಬೀದಿಯ ದೀಪಗಳು ಮಿಣುಕಬೇಕಲ್ಲ! ರಸ್ತೆಯಾಚೆಯ ಹೋಟೆಲಿನತ್ತ ನಾನು ಕತ್ತೆತ್ತಿಯೂ ನೋಡಿರಲಿಲ್ಲ.

ನೋಡಿದವಳು ಭಾವಮೈದುನನ ಮಗಳು, ಒಂಬತ್ತನೆಯ ತರಗತಿ. ಸಂಜೆ ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು ಮನೆಪಾಠ ಮಾಡುವವಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ದೀಪ ಮಿಣುಕಿದ ಸಮಯವನ್ನೂ, ಆಗ ರೈಲು ಇತ್ತೋ ಇಲ್ಲವೋ ಎಂಬುದನ್ನೂ ಬರೆದಿಟ್ಟಿದ್ದಳು. ಮೂರು ವಾರದ ಮೇಲೆ ಅತ್ತ ಹೋದಾಗ ಅದನ್ನು ನನ್ನ ಮುಂದೆ ಹಿಡಿದಳು.

"ಮಾಮ, ರೈಲು ಇಲ್ಲದಾಗೂ ಮಿಣುಕೈತಿ. ಮೇಲಿನವರು ಲಿಫ್ಟ್ ಹಾಕಿದಾಗ. ಮತ್ತ ಇಲ್ಲಿ ನೋಡು, ಡೀಸೆಲ್ ಎಂಜಿನ್ ಹೋದಾಗೂ ಮಿಣುಕೈತಿ!"

ನನಗೆ ಚಹಾ ಗಂಟಲಲ್ಲೇ ನಿಂತಿತು. ಡೀಸೆಲ್ ಎಂಜಿನ್ ಮೇಲಿನ ತಂತಿಯನ್ನು ಮುಟ್ಟುವುದೇ ಇಲ್ಲ. ಆಗಲೂ ದೀಪ ಮಿಣುಕಿದರೆ ಕಾರಣ ರೈಲಿನ ವಿದ್ಯುತ್ತಲ್ಲ, ರೈಲಿನ ಭಾರ. ನೆಲ ಅದುರುತ್ತದೆ, ಗೋಡೆ ಅದುರುತ್ತದೆ, ಗೋಡೆಯಲ್ಲೆಲ್ಲೋ ಸಡಿಲವಾದದ್ದೊಂದು ಅಲುಗುತ್ತದೆ. ಆಗ ಅವಳು ಇನ್ನೊಂದು ಮಾತು ಸೇರಿಸಿದಳು. ಅಂಗಡಿಯ ದೀಪ ಮಂಕಾದಾಗ ಮೇಲಿನ ತರಗತಿಯ ದೀಪ ಝಗ್ಗೆನ್ನುತ್ತದಂತೆ. ಅಲ್ಲಿ ಕಲಿಯುವ ಗೆಳತಿ ಹೇಳಿದ್ದಳು. ಅಲ್ಲಿ ಎರಡು ಕಂಪ್ಯೂಟರ್ ಸುಟ್ಟೂ ಇದ್ದವಂತೆ.

ಒಂದು ಕಡೆ ಮಂಕು, ಇನ್ನೊಂದು ಕಡೆ ಝಗ್ಗು. ಇದನ್ನು ಕೇಳಿದ ಮೇಲೆ ಕುಳಿತುಕೊಳ್ಳಲಾಗಲಿಲ್ಲ.

ನನ್ನ ಬಾಲ್ಯವೆಲ್ಲ ಸಿರುಗುಪ್ಪದಲ್ಲಿ, ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಕಳೆಯಿತು. ಆ ಊರಿಗೆ ರೈಲೇ ಇಲ್ಲ, ಆದರೂ ನಮ್ಮ ಬಲ್ಬು ದಿನಾ ತಲೆಬಾಗುತ್ತಿತ್ತು. ಮೋಟಾರು ಹೊರಡುವ ಕ್ಷಣ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆ ಲೈನಿನ ಎಲ್ಲರ ದೀಪವೂ ಒಮ್ಮೆಗೇ ಇಳಿದು ಮತ್ತೆ ಏರುತ್ತದೆ. ಅದು ಕಿರಿಕಿರಿ, ಅಷ್ಟೆ. ಆದರೆ ಒಂದು ಇಳಿದು ಇನ್ನೊಂದು ಏರಿದರೆ ಅದು ನ್ಯೂಟ್ರಲ್ ಸಡಿಲವಾದ ಗುರುತು.

ಮೂರು ಅಂತಸ್ತಿಗೆ ಮೂರು ಫೇಸ್. ಮೂರಕ್ಕೂ ಹಿಂದಿರುಗುವ ದಾರಿ ಒಂದೇ ನ್ಯೂಟ್ರಲ್ ತಂತಿ. ಅದು ಗಟ್ಟಿಯಾಗಿದ್ದರೆ ಪ್ರತಿ ಅಂತಸ್ತಿಗೂ 230 ವೋಲ್ಟ್. ಅದು ಕಳಚಿದರೆ ಎರಡು ಫೇಸ್‌ಗಳ ನಡುವಿನ 400 ವೋಲ್ಟನ್ನು ಅಂತಸ್ತುಗಳು ಹಂಚಿಕೊಳ್ಳಬೇಕು, ಅದೂ ನ್ಯಾಯವಾಗಿ ಅಲ್ಲ. ಹೊರೆ ಹೆಚ್ಚಿದ್ದವನಿಗೆ ಕಡಿಮೆ ವೋಲ್ಟೇಜು, ಕಡಿಮೆ ಇದ್ದವನಿಗೆ ಹೆಚ್ಚು. ಸಾಲದ್ದಕ್ಕೆ ಎಲ್‌ಇಡಿ ಮತ್ತು ಕಂಪ್ಯೂಟರ್‌ಗಳು ಕರೆಂಟನ್ನು ಒಂದೇ ಸಮನೆ ಎಳೆಯದೆ ಗುಟುಕು ಗುಟುಕಾಗಿ ಎಳೆಯುತ್ತವೆ. ಇದರಿಂದ ಹುಟ್ಟುವ 150 ಹರ್ಟ್ಸ್‌ನ ಅಲೆಗಳು ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಕಳೆಯದೆ ಕೂಡಿಕೊಳ್ಳುತ್ತವೆ. ತಂತಿ ಇನ್ನಷ್ಟು ಕಾಯುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಬಂದವನೇ ಮೀಟರ್ ಹಿಡಿದ. ಅಂಗಡಿಯಲ್ಲಿ 190, ಮೇಲೆ 265. "ಸಾರ್, ಮೊದಲು ಮಕ್ಕಳನ್ನ ಕೆಳಗೆ ಕಳಿಸ್ರಿ" ಎಂದ. ಮೇನ್ ಆರಿಸಿ, ಆರಿದೆಯೆಂದು ಮೀಟರಿನಿಂದ ಖಚಿತಪಡಿಸಿಕೊಂಡು, ಮೆಟ್ಟಿಲ ಕೆಳಗಿನ ಬೋರ್ಡನ್ನು ಬಿಚ್ಚಿದ. ನ್ಯೂಟ್ರಲ್ ತಂತಿಯ ತುದಿ ಇದ್ದಿಲಾಗಿತ್ತು, ಪಕ್ಕದ ಪ್ಲಾಸ್ಟಿಕ್ ಕರಗಿ ಇಳಿದಿತ್ತು. ಬೋರ್ಡಿಗೆ ಒರಗಿಸಿ ಜೀನ್ಸ್ ಬಟ್ಟೆಯ ಗಂಟುಗಳನ್ನು ಪೇರಿಸಿದ್ದರು. ಮೇಲಿನ ಮಕ್ಕಳಿಗೆ ಇಳಿಯಲು ಇದ್ದದ್ದು ಅದೊಂದೇ ಮೆಟ್ಟಿಲು.

ಸುಟ್ಟ ತುದಿಯನ್ನು ಕತ್ತರಿಸಿ, ಹೊಸ ಲಗ್ ಹಾಕಿ, ಎಲ್ಲ ಸ್ಕ್ರೂಗಳನ್ನು ಬಿಗಿಮಾಡುವಷ್ಟರಲ್ಲಿ ರಾತ್ರಿ ಒಂಬತ್ತಾಯಿತು. ಆಗ ಒಂದು ಗೂಡ್ಸ್ ಬಂತು. ಎಲ್ಲರೂ ದೀಪವನ್ನೇ ನೋಡಿದೆವು. ಅದು ಅಲುಗಲಿಲ್ಲ. ಭಾವಮೈದುನ ಅರ್ಜಿಯನ್ನು ಹರಿದ. ಸ್ಟೆಬಿಲೈಸರ್ ಈಗಲೂ ಅಟ್ಟದ ಮೇಲಿದೆ; ಅದರ ಬೆಲೆಯನ್ನು ಹಬ್ಬಕ್ಕೊಮ್ಮೆ ಅವನು ನೆನಪಿಸುತ್ತಾನೆ. ನನ್ನ ತೀರ್ಪನ್ನು ನಂಬಿ ಕಳೆದ ಆ ಮೂರು ವಾರ ಮಾತ್ರ ನನಗೆ ಈಗಲೂ ನಿದ್ದೆಗೆಡಿಸುತ್ತದೆ.

ಮರುದಿನ ಕುರುಗೋಡಿನ ನನ್ನ ಶಾಲೆಯಲ್ಲಿ ಹತ್ತನೆಯ ತರಗತಿಯವರಿಗೆ ಇದೆಲ್ಲವನ್ನೂ, ನನ್ನ ತಪ್ಪನ್ನೂ ಸೇರಿಸಿ, ಹೇಳಿದೆ. ಮಕ್ಕಳು ಬೋರ್ಡನ್ನು ಮುಟ್ಟಬಾರದು, ನೋಡಿ ಬರೆದುಕೊಂಡು ದೊಡ್ಡವರಿಗೆ ಹೇಳಬೇಕು ಎಂದೂ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ವರ್ಷವೆಲ್ಲ ಬಾಯಿ ಬಿಡದವನು.

"ಸಾರ್, ನಮ್ಮ ಮನ್ಯಾಗ ಲೈಟು ಸಣ್ಣದಾದಾಗ ಎದುರು ಮನ್ಯಾಗ ದೊಡ್ಡದಾಗ್ತೈತ್ರಿ. ಒಂದು ವಾರದಿಂದ."

ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಲೈನ್‌ಮನ್‌ಗೆ ಫೋನ್ ಮಾಡಲು ಸ್ಟಾಫ್ ರೂಮಿಗೆ ಹೊರಟೆ.