ಬೇಮಳಖೇಡದ ಕೆಂಪು ಕಲ್ಲಿನ ತೂಕ

ಬೇಮಳಖೇಡದ ನಮ್ಮ ಹೊಲದ ಬದುವಿನ ತುಂಬ ಕೆಂಪು ಕಲ್ಲು. ಮಳೆಗಾಲದಲ್ಲಿ ಅದರ ಬಣ್ಣ ಅಪ್ಪನ ದೋತರಕ್ಕೆ ಹತ್ತಿದರೆ ಅವ್ವ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. "ಇದ್ರಾಗ ಕಬ್ಬಿಣ ಅದ" ಅನ್ನುತ್ತಿದ್ದರು ಅಪ್ಪ. ಎಷ್ಟಿದೆ ಎಂದು ನೋಡಬೇಕೆನ್ನಿಸಿದ್ದು 1988ರಲ್ಲಿ, ಕಲಬುರಗಿಯಲ್ಲಿ ಬಿ.ಎಸ್‌ಸಿ. ಓದುವಾಗ. ಒಂದು ತುಂಡನ್ನು ಚೀಲದಲ್ಲಿ ಹಾಕಿಕೊಂಡು ಹೋದೆ.

ಆಗ ಲ್ಯಾಬಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಎರಡು ತಟ್ಟೆಯ ತಕ್ಕಡಿ. ತೂಕದ ಬಿಲ್ಲೆಗಳನ್ನು ಚಿಮುಟದಿಂದಲೇ ಎತ್ತಬೇಕು, ಫ್ಯಾನ್ ಹಾಕುವಂತಿಲ್ಲ. ಕಲ್ಲನ್ನು ಅರೆದು, ಅರ್ಧ ಗ್ರಾಂ ತೂಗಿ, ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಕರಗದೆ ಉಳಿದದ್ದನ್ನು ಸೋಸಿ ತೆಗೆದೆ. ನಾಲ್ಕು ಹನಿ ನೈಟ್ರಿಕ್ ಆಮ್ಲ ಬಿಟ್ಟು ಕುದಿಸಿ ಅಮೋನಿಯಾ ಹಾಕಿದಾಗ ಬೀಕರಿನ ತಳಕ್ಕೆ ಕಂದು ಗಂಜಿಯಂಥ ಒತ್ತರ ಇಳಿಯಿತು. ಅದನ್ನು ತೊಳೆಯುವುದೇ ದೊಡ್ಡ ಕೆಲಸ. ಸೋಸಿದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಬಿಟ್ಟರೆ ಬೆಳ್ಳಗಾಗಬಾರದು; ಕ್ಲೋರೈಡ್ ಉಳಿದರೆ ಕಾಯಿಸುವಾಗ ಕಬ್ಬಿಣ ಆವಿಯಾಗಿ ಹೋಗುತ್ತದೆ. ಆಮೇಲೆ ಬೂದಿ ಉಳಿಸದ ಸೋಸುಕಾಗದದ ಸಮೇತ ಮೂಸೆಯಲ್ಲಿ ಸುಟ್ಟು, ಆರಿಸಿ, ತೂಗಿ, ಮತ್ತೆ ಕಾಯಿಸಿ, ಮತ್ತೆ ತೂಗಿ. ಎರಡು ತೂಕ ನಾಲ್ಕನೇ ದಶಮಾಂಶದವರೆಗೆ ಕೂಡಿಬರುವಷ್ಟರಲ್ಲಿ ಎರಡನೇ ದಿನದ ಸಂಜೆಯಾಗಿತ್ತು.

ಬಂದ ಆಕ್ಸೈಡಿನ ತೂಕವನ್ನು 0.6994ರಿಂದ ಗುಣಿಸಿದರೆ ಕಬ್ಬಿಣ ಸಿಗುತ್ತದೆ. ಗುಣಿಸಿ ಹಿಗ್ಗಿನಿಂದ ಸರ್ ಹತ್ತಿರ ಒಯ್ದೆ.

"ತಮ್ಮಾ, ಇದೆಲ್ಲಾ ಕಬ್ಬಿಣ ಅಂತ ಯಾರು ಹೇಳ್ಯಾರ?"

ನಮ್ಮದು ಜಂಬಿಟ್ಟಿಗೆ ಕಲ್ಲು. ಯುಗಯುಗಗಳ ಮಳೆಗೆ ಸುಣ್ಣ, ಸಿಲಿಕಾ ಕೊಚ್ಚಿಹೋಗಿ ಕಬ್ಬಿಣದ ಜೊತೆ ಅಲ್ಯೂಮಿನಿಯಮ್ಮೂ ಉಳಿದ ಕಲ್ಲು. ಅಮೋನಿಯಾ ಎರಡನ್ನೂ ಒಟ್ಟಿಗೆ ಇಳಿಸುತ್ತದೆ. ಇನ್ನೊಂದು ಪಾಲು ಕಲ್ಲಿನಲ್ಲಿ ಕಬ್ಬಿಣವನ್ನಷ್ಟೇ ಡೈಕ್ರೋಮೇಟ್ ಟೈಟ್ರೇಷನ್ನಿನಿಂದ ಅಳೆದು, ಆ ಲೆಕ್ಕ ಕಳೆದ ಮೇಲೆಯೇ ಎರಡೂ ಬೇರೆಯಾದವು. ತಕ್ಕಡಿ ನಿಜವನ್ನೇ ಹೇಳಿತ್ತು, ತಟ್ಟೆಯಲ್ಲಿ ಏನಿದೆಯೆಂದು ನಾನು ಯೋಚಿಸಿರಲಿಲ್ಲ. ರಸಾಯನಶಾಸ್ತ್ರ ನನಗೆ ಹತ್ತಿದ್ದು ಅವತ್ತೇ.

ಮುಂದೆ ಒಂದು ಕಾರ್ಖಾನೆಯ ಲ್ಯಾಬಿಗೆ ಸೇರಿದೆ. ಅಲ್ಲಿ ಎರಡು ತಟ್ಟೆಯ ತಕ್ಕಡಿ ಹೋಗಿ ಗುಂಡಿ ಒತ್ತುವ ತಕ್ಕಡಿ ಬಂತು. ಆಮೇಲೆ ಅಟಾಮಿಕ್ ಅಬ್ಸಾರ್ಪ್‌ಷನ್ ಯಂತ್ರ. ನಿಮಿಷದಲ್ಲಿ ಅಂಕಿ ಕೊಡುವ, ಒಂದು ಕೋಟಿಯಲ್ಲಿ ಹತ್ತು ಭಾಗವಿದ್ದರೂ ಲೋಹವನ್ನು ಹಿಡಿಯುವ ಯಂತ್ರ ಅದು. ತಕ್ಕಡಿಗೆ ಆ ಶಕ್ತಿ ಇಲ್ಲ. ಆದರೆ ಆ ಯಂತ್ರಕ್ಕೆ ಮೊದಲು ತೋರಿಸುವ ಮಾದರಿ ದ್ರಾವಣವನ್ನು ಯಾರೋ ತೂಗಿಯೇ ಮಾಡಿರಬೇಕು.

ಬಂಗಾರದಲ್ಲೂ ಹೀಗೆಯೇ. ಒರೆಗಲ್ಲಿನ ಜಾಗಕ್ಕೆ ಎಕ್ಸ್‌-ರೇ ಯಂತ್ರ ಬಂದಿದೆ, ಅದು ನೋಡುವುದು ಮೇಲ್ಪದರವನ್ನಷ್ಟೇ. 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಅದರ ಹಿಂದಿರುವ ಬೆಂಕಿಯ ಪರೀಕ್ಷೆಯಲ್ಲಿ ಚೂರು ಬಂಗಾರವನ್ನು ಬೆಳ್ಳಿಯೊಡನೆ ಸೀಸದ ಹಾಳೆಯಲ್ಲಿ ಸುತ್ತಿ ಕುಲುಮೆಗಿಟ್ಟು, ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕಳೆದು, ಕೊನೆಗೆ ತೂಗಿಯೇ ನೋಡುತ್ತಾರೆ.

ಹುಮನಾಬಾದ್, ಬಸವಕಲ್ಯಾಣದ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ: ಯಂತ್ರ ಕಲಿಸುವ ಮೊದಲು ಮಕ್ಕಳಿಂದ ಒಂದು ಸಲವಾದರೂ ಈ ಎರಡು ದಿನದ ಕೆಲಸ ಮಾಡಿಸಿ. ಕಲ್ಲು ಬೇಮಳಖೇಡದಿಂದ ನಾನೇ ತಂದುಕೊಡುತ್ತೇನೆ.